ಕೈಗೆಟುಕುವ ಮನೆ, ಕೈಗೆಟುಕದ ನಿಯಮ: ಝೋನಿಂಗ್ ಸಂಶೋಧನೆಗೆ ಇಳಿಯುವವರಿಗೆ ಒಂದು ಮಾರ್ಗದರ್ಶಿ

"ನಗರ ನೀತಿಯಲ್ಲಿ ಕೆಲಸ ಮಾಡಬೇಕು ಅಂತಿದೀನಿ, ಸಾಮಾನ್ಯ ಜನಕ್ಕೆ ಮನೆ ಸಿಗೋ ಹಾಗೆ ನಿಯಮ ಬದಲಾಯಿಸೋಕೆ ಏನಾದ್ರೂ ಮಾಡಬೇಕು, ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಎಂಜಿನಿಯರಿಂಗ್ ಮುಗಿಸಿದವರು, ಆರ್ಕಿಟೆಕ್ಟ್‌ಗಳು, ಎಕನಾಮಿಕ್ಸ್ ಎಂ.ಎ. ಮಾಡಿದವರು ಎಲ್ಲ ಇದ್ದಾರೆ. ಪ್ರತಿ ಸಲ ಅದನ್ನೇ ಬರೆದು ಸಾಕಾಯ್ತು, ಹಾಗಾಗಿ ಒಂದೇ ಕಡೆ ಹಾಕುತ್ತಿದ್ದೇನೆ. ಉದಾಹರಣೆಗಳು ಬೆಂಗಳೂರಿನವು. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದವರು ಅಂಕಿ ಬದಲಾಯಿಸಿಕೊಂಡು ಇದೇ ದಾರಿ ಹಿಡಿಯಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರಲ್ಲಿ ಕಡಿಮೆ ಬಾಡಿಗೆಯ ಮನೆ ಇಲ್ಲವೇ ಇಲ್ಲ ಅಂತಲ್ಲ. ವಠಾರ ಇದೆ, ಔಟ್‌ಹೌಸ್ ಇದೆ, ಟೆರೇಸ್ ಮೇಲಿನ ಶೀಟ್ ಮನೆ ಇದೆ, ಮೂರನೇ ಮಹಡಿ ಮೇಲೆ ಸುಮ್ನೆ ಎಬ್ಬಿಸಿದ ನಾಲ್ಕನೆಯದಿದೆ. ಇವುಗಳಲ್ಲಿ ಬಹಳಷ್ಟು ಝೋನಿಂಗ್ ನಿಯಮದ, ಅಂದರೆ ಯಾವ ಜಾಗದಲ್ಲಿ ಏನನ್ನು, ಎಷ್ಟು ಕಟ್ಟಬಹುದು ಅನ್ನುವ ನಿಯಮದ, ಆಚೆ ನಿಂತಿವೆ. ಹಾಗಾಗಿ ನಿಮ್ಮ ಕೆಲಸ ಇಷ್ಟು: ಆ ಮನೆಯನ್ನು ಅಕ್ರಮ ಮಾಡಿದ ನಿಯಮದ ಸಾಲು ಯಾವುದು ಅಂತ ಹುಡುಕಬೇಕು, ಅದನ್ನು ಹೇಗೆ ತಿದ್ದಿದರೆ ಅದೇ ಮನೆ ಸುರಕ್ಷಿತವಾಗಿ, ಕಾನೂನಿನ ಒಳಗೇ ಕಟ್ಟಬಹುದು ಅಂತ ಲೆಕ್ಕ ಹಾಕಿ ತೋರಿಸಬೇಕು.

ಬೇಕಾಗುವ ಸಾಮಾನು

ಜಾಸ್ತಿ ಏನಿಲ್ಲ. ಒಂದು ಲ್ಯಾಪ್‌ಟಾಪ್, ಸ್ಪ್ರೆಡ್‌ಶೀಟ್, ಕ್ಯೂಜಿಐಎಸ್ ಅನ್ನುವ ಉಚಿತ ನಕ್ಷೆ ಸಾಫ್ಟ್‌ವೇರ್, ಒಂದು ಅಳತೆ ಟೇಪು, ನಡೆಯುವುದಕ್ಕೆ ಕಾಲು. ಜೊತೆಗೆ ಕನ್ನಡ ಓದುವ ಅಭ್ಯಾಸ. ಇದು ತಮಾಷೆಗೆ ಹೇಳಿದ್ದಲ್ಲ. ಸರ್ಕಾರಿ ಕಡತದ ಟಿಪ್ಪಣಿ, ಸುತ್ತೋಲೆ, ರಾಜ್ಯಪತ್ರದ ಅಧಿಸೂಚನೆ ಎಲ್ಲ ಕನ್ನಡದಲ್ಲಿ ಬರುತ್ತವೆ. ದೊಡ್ಡ ಡಿಗ್ರಿ ಇದ್ದೂ ಅದನ್ನು ಓದಲಾರದವರನ್ನು ಬೇಕಾದಷ್ಟು ನೋಡಿದ್ದೇನೆ.

ನಾಲ್ಕು ಪದ ಗೊತ್ತಿರಲಿ. *ಎಫ್‌ಎಆರ್* ಅಂದರೆ ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಅಂಕಿ, ಮುಂಬೈಯವರು ಇದನ್ನೇ ಎಫ್‌ಎಸ್‌ಐ ಅನ್ನುತ್ತಾರೆ. *ಸೆಟ್‌ಬ್ಯಾಕ್* ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ. *ಗ್ರೌಂಡ್ ಕವರೇಜ್* ಅಂದರೆ ಸೈಟಿನ ಎಷ್ಟು ಭಾಗದ ಮೇಲೆ ಕಟ್ಟಡ ಕೂರಬಹುದು ಅನ್ನುವುದು. *ಟಿಡಿಆರ್* ಅಂದರೆ ರಸ್ತೆ ಅಗಲೀಕರಣಕ್ಕೋ ಇನ್ನೊಂದಕ್ಕೋ ಜಾಗ ಬಿಟ್ಟುಕೊಟ್ಟವರಿಗೆ ಸಿಗುವ, ಬೇರೆ ಕಡೆ ಬಳಸಬಹುದಾದ ಕಟ್ಟುವ ಹಕ್ಕು. ಇದರ ಹತ್ತಿರದ ನೆಂಟ ಪ್ರೀಮಿಯಂ ಎಫ್‌ಎಆರ್, ಅಂದರೆ ದುಡ್ಡು ಕಟ್ಟಿ ಹೆಚ್ಚು ಕಟ್ಟುವ ಅನುಮತಿ ತೆಗೆದುಕೊಳ್ಳುವುದು.

ಹಂತ 1: ನಿಯಮ ಯಾರದ್ದು ಅಂತ ಖಚಿತ ಮಾಡಿಕೊಳ್ಳಿ

ಕರ್ನಾಟಕದಲ್ಲಿ ಎಲ್ಲದರ ಬೇರು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದರ ಅಡಿಯಲ್ಲಿ ಊರಿಗೊಂದು ಯೋಜನಾ ಪ್ರಾಧಿಕಾರ, ಅದಕ್ಕೊಂದು ಮಾಸ್ಟರ್ ಪ್ಲಾನ್, ಅದರ ಜೊತೆಗೆ ವಲಯ ನಿಯಮಗಳು, ಅಂದರೆ ಝೋನಿಂಗ್. ಬೆಂಗಳೂರಿನಲ್ಲಿ ಇನ್ನೂ ನಡೆಯುತ್ತಿರುವುದು 2007ರಲ್ಲಿ ಜಾರಿಗೆ ಬಂದ, 2015ರ ಹೆಸರಿನ ಪರಿಷ್ಕೃತ ಮಾಸ್ಟರ್ ಪ್ಲಾನ್. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. 2031ರ ಪ್ಲಾನಿನ ಕರಡು 2017ರ ನವೆಂಬರ್‌ನಲ್ಲಿ ಬಂತು, ಆಮೇಲೆ ಅದನ್ನು ವಾಪಸ್ ತೆಗೆದುಕೊಂಡರು. ಹಳೇ ಅಂಗಿಯಲ್ಲೇ ಊರು ಬೆಳೆಯುತ್ತಿದೆ.

ಇಲ್ಲಿ ಎಡವುವುದು ಸುಲಭ. ಮೂಲ ನಿಯಮದ ಪುಸ್ತಕ ಓದಿ "ಇದೇ ನಿಯಮ" ಅಂತ ಕೂರಬೇಡಿ. 2007ರಿಂದ ಈಚೆಗೆ ಎಷ್ಟೋ ತಿದ್ದುಪಡಿ ಆಗಿವೆ. ಮೇಲಿಂದ ಕಟ್ಟಡ ಬೈಲಾ ಬೇರೆ ಇದೆ, ಅಗ್ನಿಶಾಮಕ ಇಲಾಖೆಯ ಷರತ್ತು ಬೇರೆ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದ ಮೇಲೆ, ಹಳೇ ಸುತ್ತೋಲೆಗಳಲ್ಲಿರುವ ಕಚೇರಿಯ ಹೆಸರುಗಳೂ ಹಳತಾಗಿವೆ. ಒಂದು ಶೀಟು ಮಾಡಿ: ನಿಯಮದ ಸಾಲು, ಅದು ಬಂದ ಅಧಿಸೂಚನೆ, ದಿನಾಂಕ, ಈಗಲೂ ಜಾರಿಯಲ್ಲಿದೆಯಾ ಇಲ್ವಾ. ಈ ಶೀಟಿಗೆ ಎರಡು ವಾರ ಹಿಡಿಯುತ್ತದೆ, ಬೋರು ಹೊಡೆಸುತ್ತದೆ. ಆದರೆ ಆಮೇಲೆ ಯಾವ ಮೀಟಿಂಗಿನಲ್ಲೂ "ಅದು ಹಳೇ ರೂಲ್ ರೀ" ಅಂತ ನಿಮ್ಮ ಬಾಯಿ ಮುಚ್ಚಿಸುವುದಕ್ಕೆ ಯಾರಿಗೂ ಆಗುವುದಿಲ್ಲ.

ಹಂತ 2: ಒಂದು ಸೈಟು ತೆಗೆದುಕೊಂಡು ಲೆಕ್ಕ ಹಾಕಿ

ಜಾಸ್ತಿ ಹೊತ್ತು ಕೊಡಬೇಕಾದ್ದು ಇದಕ್ಕೆ. ಇಡೀ ನಗರದ ಮಾಡೆಲ್ ಆಮೇಲೆ ಮಾಡಬಹುದು. ಮೊದಲು ಎಲ್ಲರಿಗೂ ಗೊತ್ತಿರುವ 30×40 ಸೈಟು ತೆಗೆದುಕೊಳ್ಳಿ, ಅಂದರೆ 1,200 ಚದರಡಿ, ಸುಮಾರು 111.5 ಚದರ ಮೀಟರ್.

2015ರ ಪ್ಲಾನಿನ ಮೂಲ ಕೋಷ್ಟಕದಲ್ಲಿ ಸಣ್ಣ ರಸ್ತೆಯ, 360 ಚದರ ಮೀಟರ್‌ವರೆಗಿನ ವಸತಿ ಸೈಟಿಗೆ ಎಫ್‌ಎಆರ್ 1.75, ಗ್ರೌಂಡ್ ಕವರೇಜ್ 75 ಪರ್ಸೆಂಟ್. ಅಂದರೆ ಒಟ್ಟು 2,100 ಚದರಡಿ ಕಟ್ಟಬಹುದು, ನೆಲದ ಮೇಲೆ 900 ಚದರಡಿ ಕೂರಿಸಬಹುದು. ಕೇಳುವುದಕ್ಕೆ ಚೆನ್ನಾಗಿದೆ ಅಲ್ವಾ? ಈಗ ಸೆಟ್‌ಬ್ಯಾಕ್ ಹಾಕಿ. ಲೆಕ್ಕಕ್ಕೆ ಸುತ್ತಲೂ ಮೂರಡಿ ಅಂದುಕೊಳ್ಳಿ, ನಿಮ್ಮ ಸೈಟಿನ ನಿಜವಾದ ಅಂಕಿ ಕೋಷ್ಟಕದಲ್ಲಿ ನೋಡಿಕೊಳ್ಳಿ. ಉಳಿಯುವುದು 24×34, ಅಂದರೆ 816 ಚದರಡಿ. ಕಾಗದದ ಮೇಲಿನ 900 ಅಲ್ಲೇ ಹೋಯಿತು.

ಮುಂದಕ್ಕೆ ಹೋಗೋಣ. 2,100ರಲ್ಲಿ ಗೋಡೆ, ಮೆಟ್ಟಿಲು, ಓಡಾಡುವ ಜಾಗ ಅಂತ ಐದನೇ ಒಂದು ಭಾಗ ಕಳೆಯಿರಿ. 1,680 ಉಳಿಯಿತು. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆ ಆರ್ಥಿಕವಾಗಿ ಹಿಂದುಳಿದವರ ಮನೆಗೆ ಇಟ್ಟುಕೊಂಡಿದ್ದ ಅಳತೆ 30 ಚದರ ಮೀಟರ್ ಕಾರ್ಪೆಟ್ ಏರಿಯಾ, ಅಂದರೆ ಗೋಡೆಯ ಒಳಗಿನ ಬಳಸುವ ಜಾಗ. ಅದು ಸುಮಾರು 323 ಚದರಡಿ. ಆ ಲೆಕ್ಕದಲ್ಲಿ ನಮ್ಮ 30×40ರಲ್ಲಿ ಐದು ಮನೆ ಕೂರುತ್ತವೆ.

ಈಗ ಪಾರ್ಕಿಂಗ್. ಪ್ರತಿ ಮನೆಗೆ ಒಂದು ಕಾರು ಅಂತ ನಿಯಮ ಇದೆ ಅಂದುಕೊಳ್ಳಿ. ಕಾರು ನಿಲ್ಲುವ ಜಾಗ 2.5×5 ಮೀಟರ್. ನಮ್ಮ ಕಟ್ಟಡದ ಅಗಲ 24 ಅಡಿ, ಅಂದರೆ 7.3 ಮೀಟರ್. ಪಕ್ಕಪಕ್ಕ ಎರಡು ಕಾರು ನಿಲ್ಲುತ್ತವೆ, ಮೂರನೆಯದು ಗೋಡೆಗೆ ಉಜ್ಜುತ್ತದೆ, ಹೇಗೂ ಆ ಕಡೆ ಮೆಟ್ಟಿಲು ಬರಬೇಕು. ಹಿಂದೆ ಇನ್ನೆರಡು ತುರುಕಬಹುದು, ಆದರೆ ಮುಂದಿನವರು ಕಾರು ತೆಗೆಯದೆ ಹಿಂದಿನವರು ಆಫೀಸಿಗೆ ಹೋಗುವ ಹಾಗಿಲ್ಲ. ಸಲೀಸಾಗಿ ಬಂದು ಹೋಗುವುದು ಎರಡೇ ಕಾರು. ಹಾಗಾಗಿ ಮನೆಯೂ ಎರಡೇ, ತಲಾ 840 ಚದರಡಿ. ಐದು ಸಣ್ಣ ಮನೆ ಎರಡು ದೊಡ್ಡ ಮನೆ ಆದವು. ಹಾಗೆ ಮಾಡಿದ್ದು ಎಫ್‌ಎಆರ್ ಅಲ್ಲ, ಪಾರ್ಕಿಂಗ್ ಸಾಲು.

ದೆಹಲಿಯ 2021ರ ಮಾಸ್ಟರ್ ಪ್ಲಾನ್ ಓಡಾಡುವ ದಾರಿಯೂ ಸೇರಿ ಒಂದು ಕಾರಿಗೆ ಇಟ್ಟ ಲೆಕ್ಕ ಬಯಲಲ್ಲಿ 23, ನೆಲಮಹಡಿಯ ಸೂರಿನಡಿ 28, ಬೇಸ್‌ಮೆಂಟಿನಲ್ಲಿ 32 ಚದರ ಮೀಟರ್. ಬೇಸ್‌ಮೆಂಟಿನ ಒಂದು ಕಾರಿಗೆ 32, ಬಡ ಕುಟುಂಬಕ್ಕೆ 30. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ಹತ್ತು ಪುಟದ ವಾದ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆ. ನಿಜವಾದ ಕೋಷ್ಟಕಗಳಲ್ಲಿ ಸಣ್ಣ ಮನೆಗೆ ಬೇರೆ ಲೆಕ್ಕ ಇರುತ್ತದೆ, ಕೆಲವು ಕಡೆ ಎರಡು ಮನೆಗೆ ಒಂದು ಕಾರು. ನಿಮ್ಮ ಊರಿನ, ಇವತ್ತಿನ ಸಾಲನ್ನೇ ಹಾಕಿ. ಒಂದು ಸಲಕ್ಕೆ ಒಂದೇ ಸಾಲು ಬದಲಾಯಿಸಿ ನೋಡಿ. ಮೂರು ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ನಿಮಗೂ ಗೊತ್ತಾಗುವುದಿಲ್ಲ.

ಹಂತ 3: ಬೀದಿಗೆ ಇಳಿಯಿರಿ, ಮೀಟರ್ ಎಣಿಸಿ

ಶೀಟಿನ ಲೆಕ್ಕ ಆದ ಮೇಲೆ ಅದೇ ಅಳತೆಯ ಸೈಟುಗಳಿರುವ ಬೀದಿಗೆ ಹೋಗಿ. ಗೇಟಿನ ಪಕ್ಕದ ಗೋಡೆ ಮೇಲಿನ ಕರೆಂಟು ಮೀಟರ್ ಎಣಿಸಿ. ಮಂಜೂರಾದ ನಕ್ಷೆಯಲ್ಲಿ ಎರಡು ಮನೆ ಇರಬೇಕಾದ ಕಡೆ ಆರು ಮೀಟರ್ ಸಾಲಾಗಿ ಕೂತಿರುತ್ತವೆ, ಏಳನೆಯದು ಸಬ್ ಮೀಟರ್, ಅದು ಟೆರೇಸಿನ ಶೀಟ್ ಮನೆಯದು. ಸೆಟ್‌ಬ್ಯಾಕ್ ಬಿಟ್ಟಿದ್ದಾರಾ, ಬಿಟ್ಟ ಜಾಗದಲ್ಲಿ ಬಟ್ಟೆ ಒಗೆಯುವ ಕಲ್ಲು ಇದೆಯೋ ಬೈಕ್ ಇದೆಯೋ, ಪಾರ್ಕಿಂಗ್ ಅಂತ ತೋರಿಸಿದ ನೆಲಮಹಡಿಯಲ್ಲಿ ಟೈಲರ್ ಅಂಗಡಿ ಇದೆಯೋ, ಎಲ್ಲ ಬರೆದುಕೊಳ್ಳಿ. ಕಾರು ಎಷ್ಟು, ಬೈಕು ಎಷ್ಟು ಅಂತ ರಾತ್ರಿ ಒಂಬತ್ತರ ಮೇಲೆ ಇನ್ನೊಮ್ಮೆ ಬಂದು ಎಣಿಸಿ. ಹಗಲು ಎಣಿಸಿದರೆ ಲೆಕ್ಕ ತಪ್ಪುತ್ತದೆ, ಗಾಡಿಗಳೆಲ್ಲ ಕೆಲಸಕ್ಕೆ ಹೋಗಿರುತ್ತವೆ.

ಈಗ ಹೇಳುವುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಪಟ್ಟಿಯಲ್ಲಿ ಮನೆ ನಂಬರು, ಮಾಲೀಕರ ಹೆಸರು, ಗೇಟಿನ ಫೋಟೋ ಇಟ್ಟುಕೊಳ್ಳಬೇಡಿ, ಪ್ರಕಟಿಸುವುದಂತೂ ಬೇಡವೇ ಬೇಡ. ನಿಯಮ ಸಡಿಲಿಸಲಿ ಅಂತ ನೀವು ಮಾಡಿದ ಪಟ್ಟಿಯೇ ನಾಳೆ ಒಡೆಯುವ ಪಟ್ಟಿ ಆಗಬಹುದು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಅನಧಿಕೃತ ಕಟ್ಟಡಗಳ ಬಗ್ಗೆ ಕೊಟ್ಟ ನಿರ್ದೇಶನದ ಪ್ರಕಾರ, ಕಟ್ಟಡ ನಿಯಮದಂತೆ ಮುಗಿದಿದೆ ಅನ್ನುವ ಪ್ರಮಾಣಪತ್ರ ನೋಡಿಯೇ ಕರೆಂಟು, ನೀರು ಕೊಡಬೇಕು. ಅಂಥ ಹೊತ್ತಲ್ಲಿ ಬಾಡಿಗೆದಾರರ ತಲೆ ಮೇಲೆ ಕಲ್ಲು ಹಾಕುವ ಕೆಲಸ ನಮ್ಮಿಂದ ಆಗಬಾರದು. ಬೀದಿಗೆ ಒಂದು ಕೋಡ್ ಕೊಡಿ, ಒಟ್ಟು ಅಂಕಿ ಮಾತ್ರ ತೋರಿಸಿ.

ಹಂತ 4: ಅಂಕಿ ಅಂಶ ಕೂಡಿಸಿ

ಜನಗಣತಿಯ 2011ರ ಮನೆಪಟ್ಟಿ ಕೋಷ್ಟಕಗಳಲ್ಲಿ ಎಷ್ಟು ಕೋಣೆಯ ಮನೆಯಲ್ಲಿ ಎಷ್ಟು ಜನ, ಸ್ವಂತವೋ ಬಾಡಿಗೆಯೋ ಅನ್ನುವುದು ಸಿಗುತ್ತದೆ. ಹಳೆಯದು, ಆದರೂ ಬುನಾದಿಗೆ ಅದೇ ಗತಿ. ಹೊಸ ಜನಗಣತಿ 2027ರದ್ದು. ನಡುವಿನ ಕಾಲಕ್ಕೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತು ಇದೆ, 2018ರಲ್ಲಿ ವಸತಿ ಸ್ಥಿತಿಯ ಮೇಲೆ ಮಾಡಿದ್ದು. ಮಾರುಕಟ್ಟೆ ಬೆಲೆಯ ದಿಕ್ಕು ನೋಡಲು ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ರೆಸಿಡೆಕ್ಸ್ ಅನ್ನುವ ಮನೆ ಬೆಲೆ ಸೂಚ್ಯಂಕ. ಜಾಗದ ಸರ್ಕಾರಿ ಬೆಲೆಗೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಮಾರ್ಗಸೂಚಿ ದರ ನೋಡಿ, ಆದರೆ ಅದೇ ಮಾರುಕಟ್ಟೆ ಬೆಲೆ ಅಂತ ಮಾತ್ರ ಬರೆಯಬೇಡಿ.

ಎಲ್ಲೂ ಸಿಗದ್ದಕ್ಕೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ, 30 ದಿನದ ಒಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಮೇಲ್ಮನವಿ. ಕರ್ನಾಟಕದ ನಿಯಮದಲ್ಲಿ ಒಂದು ವಿಶೇಷ ಇದೆ, ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ನಾನು ಮೊದಲ ಸಲ ಎರಡು ಪುಟ ಬರೆದು ಒಂದು ಕಚೇರಿಗೆ ಕೊಟ್ಟೆ, ಒಂದು ತಿಂಗಳು ಕಾದ ಮೇಲೆ ಈ ನಿಯಮ ತೋರಿಸಿ ವಾಪಸ್ ಕಳಿಸಿದರು. "ಏಕೆ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. "ಇಂಥ ದಾಖಲೆಯ ಪ್ರತಿ ಕೊಡಿ" ಅಂತ ಕೇಳಿ.

ಹಂತ 5: ದುಡ್ಡಿನ ಲೆಕ್ಕ

ಮನೆ ಕೂರುತ್ತದೆ ಅಂದಮಾತ್ರಕ್ಕೆ ಅಗ್ಗ ಆಗುವುದಿಲ್ಲ. ಜಾಗ ಚದರಡಿಗೆ 8,000 ರೂಪಾಯಿ ಅಂತ ಇಟ್ಟುಕೊಳ್ಳಿ, ಇದು ಉದಾಹರಣೆಗೆ ಮಾತ್ರ. 30×40 ಸೈಟಿಗೆ 96 ಲಕ್ಷ ಆಯಿತು. ಎರಡು ಮನೆಗೆ ಹಂಚಿದರೆ ತಲಾ 48 ಲಕ್ಷ ಬರೀ ನೆಲದ ಪಾಲು, ಐದಕ್ಕೆ ಹಂಚಿದರೆ 19 ಲಕ್ಷದ ಮೇಲೆ ಸ್ವಲ್ಪ.

ಹೊಸಬರು ಇಲ್ಲಿಗೇ ನಿಲ್ಲಿಸಿ "ನಿಯಮ ಬದಲಾದರೆ ಮನೆ ಬೆಲೆ ಅರ್ಧಕ್ಕಿಂತ ಕಡಿಮೆ" ಅಂತ ತಲೆಬರಹ ಕೊಟ್ಟುಬಿಡುತ್ತಾರೆ. ನಿಲ್ಲಿ. ಇಲ್ಲಿ ಐದು ಕಟ್ಟಬಹುದು ಅಂತ ಗೊತ್ತಾದ ದಿನ ಸೈಟಿನ ಮಾಲೀಕ 96 ಲಕ್ಷಕ್ಕೆ ಕೊಡುತ್ತಾನಾ? ಒಂದೇ ರಸ್ತೆಗೆ, ಒಂದೇ ಬಡಾವಣೆಗೆ ಸಡಿಲಿಕೆ ಕೊಟ್ಟರೆ ಲಾಭದ ದೊಡ್ಡ ಪಾಲು ನೆಲದ ಬೆಲೆಗೆ ಹೋಗಿಬಿಡುತ್ತದೆ. ಊರಿನ ತುಂಬ ಕೊಟ್ಟರೆ ಕಟ್ಟುವ ಜಾಗ ಎಲ್ಲೆಲ್ಲೂ ಸಿಗುವುದರಿಂದ ಆ ಏಟು ಕಡಿಮೆ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ವಸತಿ ನೆಲದ ಸುಮಾರು ಮುಕ್ಕಾಲು ಪಾಲಿಗೆ ಒಟ್ಟಿಗೇ ಸಡಿಲಿಕೆ ಕೊಟ್ಟಿತು, ಆಮೇಲೆ ಕಟ್ಟಡ ಅನುಮತಿಗಳು ಜೋರಾಗಿ ಏರಿದವು. ಜಗತ್ತಿನಾದ್ಯಂತ ಆ ಊರನ್ನು ಉದಾಹರಣೆ ಕೊಡುವುದು ಅದಕ್ಕೇ. ನಿಮ್ಮ ಶೀಟಿನಲ್ಲಿ ಕನಿಷ್ಠ ಮೂರು ಸಾಲು ಇರಲಿ: ನೆಲದ ಬೆಲೆ ಅಷ್ಟೇ ಇದ್ದರೆ, ಕಾಲು ಭಾಗ ಏರಿದರೆ, ಅರ್ಧ ಏರಿದರೆ. ಮೂರರಲ್ಲೂ ಬಾಡಿಗೆ ಎಷ್ಟು ಬರುತ್ತದೆ, ಆ ಬೀದಿಯ ಮನೆಕೆಲಸದವರು, ಆಟೋ ಓಡಿಸುವವರು ಈಗ ಎಷ್ಟು ಕೊಡುತ್ತಿದ್ದಾರೆ, ಪಕ್ಕಪಕ್ಕ ಹಾಕಿ.

ಹಂತ 6: ಹೊರಗಿನ ಉದಾಹರಣೆ ತರುವಾಗ ಹುಷಾರು

ಅಮೆರಿಕದಲ್ಲಿ ಓದಿ ಬಂದವರು, ಅಲ್ಲೇ ಇದ್ದು ಊರಿಗೆ ಏನಾದರೂ ಮಾಡಬೇಕು ಅನ್ನುವವರು ಇದನ್ನು ಎರಡು ಸಲ ಓದಿ. ಅಲ್ಲಿನ ಜಗಳ ಒಂದು ಸೈಟಿಗೆ ಒಂದೇ ಮನೆ ಅನ್ನುವ ವಲಯದ ಮೇಲೆ. ಮಿನಿಯಾಪೊಲಿಸ್ ತೆಗೆದುಹಾಕಿದ್ದು ಅದನ್ನೇ. ಹ್ಯೂಸ್ಟನ್ 1998ರಲ್ಲಿ ಒಳನಗರದ ಕನಿಷ್ಠ ಸೈಟನ್ನು 5,000 ಚದರಡಿಯಿಂದ 1,400ಕ್ಕೆ ಇಳಿಸಿದ್ದು ದೊಡ್ಡ ಸುಧಾರಣೆ ಅಂತ ಹೆಸರಾಯಿತು. 1,400! ನಮ್ಮ 30×40 ಅದಕ್ಕಿಂತ ಚಿಕ್ಕದು, 20×30 ಅಂದರೆ ಅದರ ಅರ್ಧವೂ ಇಲ್ಲ. ನಮ್ಮ ಕಷ್ಟ ಸಣ್ಣ ಸೈಟಿನ ಮೇಲೆ ದೊಡ್ಡ ಸೈಟಿನ ನಿಯಮ ಹೇರಿದ್ದು. ಬೆಂಗಳೂರಿನ ಕಟ್ಟಡ ಮಿತಿಗಳಿಂದ ಊರು ಎಷ್ಟು ಹೊರಕ್ಕೆ ಹರಡುತ್ತದೆ, ಅದಕ್ಕೆ ಜನ ಎಷ್ಟು ತೆರುತ್ತಾರೆ ಅಂತ ನಗರ ಸಂಶೋಧಕರಾದ ಅಲೈನ್ ಬರ್ಟೋ ಮತ್ತು ಯಾನ್ ಬ್ರೂಕ್ನರ್ 2005ರಲ್ಲೇ ಲೆಕ್ಕ ಹಾಕಿದ್ದಾರೆ. ಹೊರಗಿನ ಊರಿಗಿಂತ ಮೊದಲು ಅದನ್ನು ಓದಿ.

ಹಂತ 7: ವಿರೋಧಿಸುವವರ ಮಾತು ಮೊದಲೇ ಕೇಳಿಸಿಕೊಳ್ಳಿ

"ನೀರೆಲ್ಲಿಂದ ತರ್ತೀರಿ?" ಮೊದಲ ಪ್ರಶ್ನೆ ಇದೇ ಬರುತ್ತದೆ. 2024ರ ಬೇಸಿಗೆಯ ನೀರಿನ ಬರ ಕಂಡ ಊರಲ್ಲಿ ಇದು ಕುಂಟು ನೆಪ ಅಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿದೆ, ಆದರೆ ಅದು ಹೊರವಲಯದ 110 ಹಳ್ಳಿಗಳಿಗಾಗಿ ಮಾಡಿದ ಯೋಜನೆ. ನಿಮ್ಮ ಬೀದಿಗೆ ಪೈಪಿನ ನೀರೋ ಟ್ಯಾಂಕರ್ರೋ ಅಂತ ನೋಡಿ ಉತ್ತರ ಕೊಡಿ. ಸೆಟ್‌ಬ್ಯಾಕ್ ವಿಷಯದಲ್ಲೂ ಅಷ್ಟೇ. ಬೆಳಕು, ಗಾಳಿ, ಬೆಂಕಿ ಬಿದ್ದಾಗ ಹೊರಗೆ ಓಡುವ ದಾರಿ ಇವುಗಳಿಗೆ ಬೇಕಾದ ಜಾಗವನ್ನು ಸಡಿಲಿಕೆ ಹೆಸರಲ್ಲಿ ತಿನ್ನಬೇಡಿ. ಕಿಟಕಿ ಇಲ್ಲದ ಕೋಣೆಯನ್ನು ಕೈಗೆಟುಕುವ ಮನೆ ಅಂತ ಕರೆಯುವವರ ಜೊತೆ ನನಗಂತೂ ಜಗಳವೇ.

ಇನ್ನು ಅಕ್ರಮ-ಸಕ್ರಮ. ನಿಮ್ಮ ಪ್ರಸ್ತಾವನೆ ಕೇಳಿದ ಕೂಡಲೇ ಜನ "ಇನ್ನೊಂದು ಅಕ್ರಮ-ಸಕ್ರಮವಾ?" ಅನ್ನುತ್ತಾರೆ. ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟ ಕಥೆ ಎಲ್ಲರಿಗೂ ನೆನಪಿದೆ. ವ್ಯತ್ಯಾಸ ಸ್ಪಷ್ಟವಾಗಿ ಹೇಳಿ: ಅದು ಕಟ್ಟಿದ ಮೇಲೆ ದಂಡ ಕಟ್ಟಿಸಿಕೊಂಡು ಒಪ್ಪುವುದು, ನೀವು ಕೇಳುತ್ತಿರುವುದು ಕಟ್ಟುವ ಮುಂಚಿನ ನಿಯಮವನ್ನೇ ಸರಿ ಮಾಡುವುದು.

ಹಂತ 8: ಎರಡು ಪುಟ ಬರೆಯಿರಿ

ಎಂಬತ್ತು ಪುಟದ ವರದಿ ಬೀರುವಿಗೆ ಹೋಗುತ್ತದೆ. ಮೊದಲ ಪುಟದಲ್ಲಿ ಈಗಿನ ಸಾಲು, ನೀವು ಹೇಳುವ ಹೊಸ ಸಾಲು, ಎರಡರಲ್ಲೂ 30×40ರಲ್ಲಿ ಏನು ಕೂರುತ್ತದೆ ಅನ್ನುವ ಚಿತ್ರ. ಎರಡನೇ ಪುಟದಲ್ಲಿ ಬೆಲೆಯ ಮೂರು ಸಾಲು, ನೀರು, ಬೆಂಕಿ. ಹೊಸ ಸಾಲನ್ನು ಕಾನೂನಿನ ಭಾಷೆಯಲ್ಲೇ ಬರೆದುಕೊಡಿ, ಅಧಿಕಾರಿ ಕಡತಕ್ಕೆ ನೇರ ಎತ್ತಿ ಹಾಕುವ ಹಾಗೆ ಇರಬೇಕು. "ಪಾರ್ಕಿಂಗ್ ನಿಯಮ ಪರಿಶೀಲಿಸಬೇಕು" ಅಂದರೆ ಯಾರಿಗೂ ಕೆಲಸಕ್ಕೆ ಬರಲ್ಲ. ಮಾಸ್ಟರ್ ಪ್ಲಾನ್ ಕರಡು ಪ್ರಕಟವಾದಾಗ ಆಕ್ಷೇಪಣೆಗೆ 60 ದಿನ ಇರುತ್ತದೆ. ಆ ದಿನ ಕೂತು ಶುರು ಮಾಡಿದರೆ ಆಗಲ್ಲ, ನಿಮ್ಮ ಎರಡು ಪುಟ ಆಗಲೇ ರೆಡಿ ಇರಬೇಕು.

ಕೆಲಸ ಎಲ್ಲಿ ಸಿಗುತ್ತದೆ?

ನಗರ ವಿಷಯದಲ್ಲಿ ಕೆಲಸ ಮಾಡುವ ಸಂಸ್ಥೆಗಳಲ್ಲಿ ಬೆಂಗಳೂರಿನಲ್ಲೇ ಐಐಎಚ್‌ಎಸ್, ಜನಾಗ್ರಹ, ಡಬ್ಲ್ಯುಆರ್‌ಐ ಇಂಡಿಯಾದ ಕಚೇರಿ ಇವೆ, ದೆಹಲಿಯಲ್ಲಿ ಸೆಂಟರ್ ಫಾರ್ ಪಾಲಿಸಿ ರಿಸರ್ಚ್. ಪ್ಲಾನಿಂಗ್ ಓದಬೇಕು ಅಂದರೆ ಅಹಮದಾಬಾದಿನ ಸೆಪ್ಟ್, ದೆಹಲಿಯ ಎಸ್‌ಪಿಎ, ಹತ್ತಿರದಲ್ಲಿ ಮೈಸೂರು ವಿಶ್ವವಿದ್ಯಾಲಯದ ಪ್ಲಾನಿಂಗ್ ಶಾಲೆ. ಅರ್ಜಿ ಹಾಕುವಾಗ ರೆಸ್ಯೂಮೆ ಜೊತೆ ಮೇಲಿನ ಎರಡು ಪುಟ, ಲೆಕ್ಕದ ಶೀಟು ಕಳಿಸಿ. ಬಿಲ್ಡರುಗಳ ದುಡ್ಡಲ್ಲಿ ನಡೆಯುವ ಅಧ್ಯಯನಗಳೂ ನಿಮ್ಮ ಹತ್ತಿರ ಬರುತ್ತವೆ. ಬೇಡ ಅನ್ನಲ್ಲ, ಆದರೆ ದುಡ್ಡು ಯಾರದ್ದು ಅಂತ ಮೊದಲ ಪುಟದಲ್ಲೇ ಬರೆಯಿರಿ.

ಹಂತ 9: ನಿಯಮ ಬದಲಾದ ಮೇಲೆ

ಇದನ್ನು ಮಾಡುವವರೇ ಇಲ್ಲ. ತಿದ್ದುಪಡಿ ರಾಜ್ಯಪತ್ರದಲ್ಲಿ ಬಂದ ಆರು ತಿಂಗಳಿಗೆ ಒಂದು ಆರ್‌ಟಿಐ ಹಾಕಿ. ಬೇಕಾದರೆ ಇದನ್ನೇ ನಕಲು ಮಾಡಿಕೊಳ್ಳಿ, 150 ಪದಕ್ಕಿಂತ ಎಷ್ಟೋ ಕಡಿಮೆ ಇದೆ:

"ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ, ಇಂಥ ವಾರ್ಡಿನಲ್ಲಿ, 120 ಚದರ ಮೀಟರ್ ಮೀರದ ವಸತಿ ನಿವೇಶನಗಳಿಗೆ ಮಂಜೂರಾದ ಕಟ್ಟಡ ನಕ್ಷೆಗಳ ಪಟ್ಟಿಯ ಪ್ರತಿ ಒದಗಿಸಿ. ಪ್ರತಿ ನಕ್ಷೆಗೆ ನಿವೇಶನದ ವಿಸ್ತೀರ್ಣ, ಮನೆಗಳ ಸಂಖ್ಯೆ, ಪ್ರತಿ ಮನೆಯ ವಿಸ್ತೀರ್ಣ ಮತ್ತು ಪಾರ್ಕಿಂಗ್ ಸಂಖ್ಯೆ ಇರಲಿ. ಮಾಲೀಕರ ಹೆಸರು ಮತ್ತು ವಿಳಾಸ ಬೇಕಾಗಿಲ್ಲ."